ಈರುಳ್ಳಿಯ ಡಿಎನ್‌ಎ ನಮಗಿಂತ ಐದು ಪಟ್ಟು ಜಾಸ್ತಿ. ಹಾಗಾದ್ರೆ 'ಕಸದ ಡಿಎನ್‌ಎ' ಅಂತ ಪಾಠ ಮಾಡೋದು ಸರಿಯಾ?

ರಾಜಾಜಿನಗರ_ಬಯಾಲಜಿ
ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡ್ತೀನಿ. ಹದಿನಾಲ್ಕು ವರ್ಷದಿಂದ ಒಂದೇ ಸಾಲು ಹೇಳ್ಕೊಂಡು ಬಂದಿದ್ದೀನಿ: ಮನುಷ್ಯನ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸೋ ಸೂಚನೆ ಇರೋದು ನೂರಕ್ಕೆ ಎರಡಕ್ಕಿಂತ ಕಡಿಮೆ ಭಾಗದಲ್ಲಿ, ಉಳಿದಿದ್ದರಲ್ಲಿ ಬಹುಪಾಲು 'ಕಸದ ಡಿಎನ್‌ಎ'. ನೋಟ್ಸಿನಲ್ಲೂ ಹಾಗೇ ಬರೆಸಿದ್ದೀನಿ.

ಹೋದ ವಾರ ಪ್ರಾಕ್ಟಿಕಲ್ ಇತ್ತು. ಈರುಳ್ಳಿ ಸಣ್ಣಗೆ ಹೆಚ್ಚಿ ಅರೆದು, ಉಪ್ಪು ಮತ್ತು ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿ, ಬಟ್ಟೆಯಲ್ಲಿ ಸೋಸಿ, ಫ್ರೀಜರಿನಲ್ಲಿಟ್ಟಿದ್ದ ಸ್ಪಿರಿಟ್ಟನ್ನ ಟ್ಯೂಬಿನ ಗೋಡೆಗುಂಟ ನಿಧಾನವಾಗಿ ಇಳಿಸಬೇಕು. ಎರಡು ಪದರ ಸೇರೋ ಕಡೆ ಮೊದಲು ಮಂಜು ಕಟ್ಟಿದ ಹಾಗಾಗುತ್ತೆ. ಒಂದೆರಡು ನಿಮಿಷದಲ್ಲಿ ಬಿಳಿ ಎಳೆಗಳು ಮೇಲೇಳುತ್ತವೆ, ಗಾಜಿನ ಕಡ್ಡಿಗೆ ಸುತ್ತಿದರೆ ಒದ್ದೆ ಹತ್ತಿಯ ಹಾಗೆ ಅಂಟಿಕೊಳ್ಳುತ್ತೆ. ಕಡ್ಡಿ ಹಿಡಿದಿದ್ದ ಹುಡುಗಿ ಕೇಳಿದಳು: "ಮೇಡಂ, ಇದರಲ್ಲಿ ಕಸ ಎಷ್ಟು?" ಪಕ್ಕದ ಹುಡುಗ ತಕ್ಷಣ, "ಕಸ ಅನ್ನೋದೇ ಸುಳ್ಳಂತೆ, ಶೇ. 80 ಕೆಲಸ ಮಾಡುತ್ತೆ ಅಂತ ವಿಜ್ಞಾನಿಗಳು ಸಾಬೀತು ಮಾಡಿದಾರೆ, ವಿಡಿಯೋ ನೋಡಿದೀನಿ" ಅಂದ.

ನನಗೆ ಇಬ್ಬರಿಗೂ ನೆಟ್ಟಗೆ ಉತ್ತರ ಕೊಡಕ್ಕಾಗಲಿಲ್ಲ. ಮುಂದಿನ ವಾರ ಅದೇ ಮಕ್ಕಳ ಮುಂದೆ ನಿಲ್ಲಬೇಕು. ತಿಳಿದೋರು ದಯವಿಟ್ಟು ಹೇಳಿ.

ವಿಜಯನಗರ_ಕೋಡರ್
ಮೇಡಂ, ಆ ಹುಡುಗ ಹೇಳಿದ್ದು ನಿಜ. 2012ರ ಸೆಪ್ಟೆಂಬರಿನಲ್ಲಿ ಎನ್‌ಕೋಡ್ ಅನ್ನೋ ದೊಡ್ಡ ಯೋಜನೆಯ ಫಲಿತಾಂಶ ಬಂತು. 147 ಬಗೆಯ ಜೀವಕೋಶಗಳನ್ನ ಪರೀಕ್ಷಿಸಿ, ಮನುಷ್ಯನ ಜೀನೋಮಿನ, ಅಂದರೆ ಇಡೀ ಡಿಎನ್‌ಎಯ, ಶೇ. 80.4 ಭಾಗಕ್ಕೆ ಏನೋ ಒಂದು ಜೀವರಾಸಾಯನಿಕ ಕೆಲಸ ಇದೆ ಅಂತ ಪ್ರಕಟಿಸಿದರು. 'ಜಂಕ್ ಡಿಎನ್‌ಎ' ಅನ್ನೋ ಮಾತನ್ನ ಸುಸುಮು ಓನೋ ಅನ್ನೋ ವಿಜ್ಞಾನಿ 1972ರಲ್ಲಿ ಜನಪ್ರಿಯ ಮಾಡಿದ್ದು. ಆಗ ಡಿಎನ್‌ಎ ಅಕ್ಷರ (ಎ, ಟಿ, ಜಿ, ಸಿ ಅನ್ನೋ ನಾಲ್ಕು ರಾಸಾಯನಿಕ ಘಟಕ) ಓದೋ ವಿಧಾನವೇ ಕೈಗೆ ಸಿಕ್ಕಿರಲಿಲ್ಲ. ಓದಕ್ಕೇ ಆಗದ ಪುಸ್ತಕವನ್ನ ಪ್ರಯೋಜನ ಇಲ್ಲ ಅಂದುಬಿಟ್ಟರು.

ನಾನು ಇಪ್ಪತ್ತು ವರ್ಷ ಸಾಫ್ಟ್‌ವೇರಿನಲ್ಲಿದ್ದವನು. ಯಾರೋ ಬಿಟ್ಟುಹೋದ ಕೋಡ್ ನೋಡಿ "ಇದು ಯಾತಕ್ಕೂ ಬೇಡ" ಅಂತ ಅಳಿಸಿದ ದಿನವೇ ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತೆ. ನಮಗೆ ಅರ್ಥವಾಗಲಿಲ್ಲ ಅಂದಮಾತ್ರಕ್ಕೆ ಕೆಲಸ ಇಲ್ಲ ಅನ್ನೋದು ಅಹಂಕಾರ ಅಂತ ನನ್ನ ಗಟ್ಟಿ ಅಭಿಪ್ರಾಯ.

ಜಕ್ಕೂರು_ಲ್ಯಾಬ್
ಆ ಶೇ. 80ರಲ್ಲಿ 'ಕೆಲಸ' ಅನ್ನೋ ಪದಕ್ಕೆ ಏನರ್ಥ ಕೊಟ್ಟಿದ್ದರು ಅಂತ ನೋಡಿ ಸರ್. ಜಗಳ ಇರೋದೇ ಅಲ್ಲಿ.

ಒಂದು ತುಣುಕು ಡಿಎನ್‌ಎಯಿಂದ ಆರ್‌ಎನ್‌ಎ ನಕಲು ಆಗಿದ್ದರೆ, ಅಥವಾ ಅದಕ್ಕೆ ಯಾವುದಾದರೂ ಪ್ರೋಟೀನ್ ಅಂಟಿದ್ದರೆ, ಅಥವಾ ಅಲ್ಲಿ ಡಿಎನ್‌ಎಯ ಸುರುಳಿ ಬಿಚ್ಚಿಕೊಂಡಿದ್ದರೆ, ಅದೂ 147ರಲ್ಲಿ ಒಂದೇ ಬಗೆಯ ಕೋಶದಲ್ಲಿ ಕಂಡಿದ್ದರೂ ಸಾಕು, 'ಕೆಲಸ ಇದೆ' ಅಂತ ಗುರುತು ಹಾಕಿದರು. ಮನೆಯ ಮಿಕ್ಸಿ ತಗೊಳ್ಳಿ. ಚಟ್ನಿ ಅರೆಯುತ್ತೆ, ಕಿವಿ ಕಿತ್ತುಹೋಗೋ ಹಾಗೆ ಶಬ್ದವನ್ನೂ ಮಾಡುತ್ತೆ, ಬಿಸಿಯೂ ಆಗುತ್ತೆ. ಮೂರನ್ನೂ ಉಪಕರಣ ಇಟ್ಟು ಅಳೆಯಬಹುದು. ಆದರೆ ಅರೆಯೋದು ನಿಂತರೆ ರಿಪೇರಿ ಅಂಗಡಿಗೆ ಒಯ್ಯುತ್ತೀವಿ, ಶಬ್ದ ನಿಂತರೆ ಒಯ್ಯಲ್ಲ. ಹಾಳಾದರೆ ನಷ್ಟ ಆಗೋದು ಯಾವುದೋ ಅದು ಕೆಲಸ. ಎನ್‌ಕೋಡ್ ಮೂರನ್ನೂ ಒಂದೇ ಪಟ್ಟಿಗೆ ಸೇರಿಸಿತು. 2013ರಲ್ಲಿ ಡ್ಯಾನ್ ಗ್ರಾವರ್, ಫೋರ್ಡ್ ಡೂಲಿಟಲ್ ಮೊದಲಾದ ವಿಜ್ಞಾನಿಗಳು ಇದನ್ನೇ ಹಿಡಿದು ಕಟುವಾಗಿ ಟೀಕಿಸಿದರು. 2014ರಲ್ಲಿ ಎನ್‌ಕೋಡ್ ತಂಡದವರೇ ಮತ್ತೆ ಬರೆದು, ರಾಸಾಯನಿಕ ಚಟುವಟಿಕೆಯಿಂದ ಅಳೆದರೆ ಒಂದು ಉತ್ತರ, ವಿಕಾಸದ ಲೆಕ್ಕದಿಂದ ಅಳೆದರೆ ಇನ್ನೊಂದು ಉತ್ತರ ಬರುತ್ತೆ ಅಂತ ಒಪ್ಪಿಕೊಂಡರು. ವಿಡಿಯೋ ಮಾಡುವವರು ಮೊದಲನೆಯ ಸುದ್ದಿಗೇ ನಿಂತುಬಿಟ್ಟಿದ್ದಾರೆ.

ವಿಕಾಸದ ಲೆಕ್ಕ ಹೀಗೆ. ಮನುಷ್ಯನ ಡಿಎನ್‌ಎಯನ್ನ ಇಲಿ, ನಾಯಿ, ದನ ಇವುಗಳದ್ದರ ಪಕ್ಕ ಇಟ್ಟು ಹೋಲಿಸೋದು. ಬೇಕಾದ ಅಕ್ಷರ ಕೆಟ್ಟವರಿಗೆ ಮಕ್ಕಳುಮರಿ ಕಡಿಮೆ, ಹಾಗಾಗಿ ಬೇಕಾದ ಜಾಗ ಕೋಟ್ಯಂತರ ವರ್ಷವಾದರೂ ಹೆಚ್ಚು ಬದಲಾಗಲ್ಲ. ಬೇಡದ ಜಾಗ ಮನಬಂದಂತೆ ಬದಲಾಗ್ತಾ ಹೋಗುತ್ತೆ. 2014ರಲ್ಲಿ ಆಕ್ಸ್‌ಫರ್ಡ್‌ನ ತಂಡ ಹೀಗೆ ಲೆಕ್ಕ ಹಾಕಿದಾಗ ಸಿಕ್ಕಿದ್ದು ಶೇ. 8.2. ಆ 8.2ರಲ್ಲಿ ಪ್ರೋಟೀನಿನ ಭಾಗ ಒಂದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಂದರೆ ಪ್ರೋಟೀನ್ ಬರೆಯದೆ ಕೆಲಸ ಮಾಡೋ ಡಿಎನ್‌ಎ ಪ್ರೋಟೀನ್ ಬರೆಯೋದರ ಐದಾರು ಪಟ್ಟು! ಎರಡೂ ಕಡೆಯವರು ಮರೆಯೋ ಸಂಗತಿ ಇದು.

ಇನ್ನೊಂದು ಲೆಕ್ಕವನ್ನ ಮಕ್ಕಳಿಗೆ ಬೋರ್ಡ್ ಮೇಲೇ ಮಾಡಿ ತೋರಿಸಬಹುದು ಮೇಡಂ. ಪ್ರತಿ ಮಗುವಿನಲ್ಲೂ ಅಪ್ಪ ಅಮ್ಮನಲ್ಲಿಲ್ಲದ ಸುಮಾರು 60ರಿಂದ 70 ಹೊಸ ಅಕ್ಷರದೋಷ ಇರುತ್ತೆ. ನನ್ನಲ್ಲೂ ಇದೆ, ನಿಮ್ಮಲ್ಲೂ ಇದೆ. ಅಕ್ಷರ ಅಕ್ಷರವೂ ಮುಖ್ಯವಾದ ಡಿಎನ್‌ಎ ಶೇ. 80 ಇದ್ದಿದ್ದರೆ, ಅದರಲ್ಲಿ ಐವತ್ತರ ಆಸುಪಾಸು ದೋಷ ಆಯಕಟ್ಟಿನ ಜಾಗಕ್ಕೇ ಬಿದ್ದಿರೋದು. ತಲೆಮಾರಿಂದ ತಲೆಮಾರಿಗೆ ಹಾಗೇ ಕೂಡ್ತಾ ಹೋದರೆ ಮನುಷ್ಯಕುಲ ಉಳೀತಿರಲಿಲ್ಲ. ನಾವು ಬದುಕಿರೋದೇ ಬಹುಪಾಲು ಏಟು ಖಾಲಿ ಜಾಗಕ್ಕೆ ಬೀಳೋದರಿಂದ.

ಜಿಕೆವಿಕೆ_ಹಳೆವಿದ್ಯಾರ್ಥಿ
ಮೇಡಂ ಈರುಳ್ಳಿ ಹಿಡಿದಿದ್ದೇ ಒಳ್ಳೇದಾಯ್ತು. ರಯಾನ್ ಗ್ರೆಗರಿ ಅನ್ನೋ ವಿಜ್ಞಾನಿ ಇದನ್ನೇ 'ಈರುಳ್ಳಿ ಪರೀಕ್ಷೆ' ಅಂತ ಕರೆದರು. ಡಿಎನ್‌ಎ ಎಲ್ಲಕ್ಕೂ ಕೆಲಸ ಇದೆ ಅನ್ನೋರು, ಮನುಷ್ಯನಿಗೆ ಸುಮಾರು 310 ಕೋಟಿ ಅಕ್ಷರ ಸಾಕಾಗಿರೋವಾಗ ಈರುಳ್ಳಿಗೆ 1,600 ಕೋಟಿ ಯಾಕೆ ಬೇಕಾಯ್ತು ಅಂತ ಹೇಳಬೇಕು. ಈರುಳ್ಳಿಯ ದಾಯಾದಿ ಗಿಡಗಳ ನಡುವೆಯೇ ನಾಲ್ಕು ಪಟ್ಟು ವ್ಯತ್ಯಾಸ ಇದೆ. ಅದೇ ಫುಗು ಅನ್ನೋ ಮೀನಿಗೆ 40 ಕೋಟಿ ಸಾಕು, ಅದಕ್ಕೂ ಬೆನ್ನುಮೂಳೆ ಇದೆ, ಮಿದುಳಿದೆ. ಯುಟ್ರಿಕ್ಯುಲೇರಿಯಾ ಅನ್ನೋ ಹುಳ ಹಿಡಿಯೋ ನೀರುಗಿಡದ ಒಂದು ಜಾತಿ ಬರೀ 8 ಕೋಟಿಯಲ್ಲಿ ಸಂಸಾರ ನಡೆಸುತ್ತೆ, ಹೂ ಬಿಡುತ್ತೆ, ಬೀಜ ಕಟ್ಟುತ್ತೆ.

ನಮ್ಮ ತಟ್ಟೆಯಲ್ಲೇ ನೋಡಿ. ಭತ್ತ ಸುಮಾರು 40 ಕೋಟಿ. ರಾಗಿ ಒಂದೂವರೆ ನೂರು ಕೋಟಿಯ ಹತ್ತಿರ. 2017ರಲ್ಲಿ ಎಂಎಲ್-365 ರಾಗಿ ತಳಿಯ ಜೀನೋಮ್ ಓದಿದ್ದು ನಮ್ಮ ಬೆಂಗಳೂರು ಕೃಷಿ ವಿವಿಯವರೇ. ಜೋಳದ ಸಾಲಿನ ಮೆಕ್ಕೆಜೋಳ 230 ಕೋಟಿ, ಅದರಲ್ಲಿ ಶೇ. 85ರಷ್ಟು ತನ್ನನ್ನೇ ನಕಲು ಮಾಡ್ಕೊಂಡು ಅಲ್ಲಿಂದಿಲ್ಲಿಗೆ ಹಾರೋ ತುಣುಕುಗಳು. ಬಾರ್ಬರಾ ಮೆಕ್‌ಕ್ಲಿಂಟಾಕ್ ಈ ಹಾರುವ ತುಣುಕುಗಳನ್ನ ಕಂಡದ್ದು ಮೆಕ್ಕೆಜೋಳದ ಕಾಳಿನ ಬಣ್ಣ ನೋಡ್ತಾ ನೋಡ್ತಾ. ಅದಕ್ಕೆ 1983ರಲ್ಲಿ ನೊಬೆಲ್ ಬಂತು.

ವಿಜಯನಗರ_ಕೋಡರ್
ಜಿಕೆವಿಕೆಯವರೇ, ರಾಗಿಯಲ್ಲಿ ಎರಡು ಪೂರ್ವಜ ಗಿಡಗಳ ಜೀನೋಮ್ ಕೂಡಿಕೊಂಡಿದೆ ಅಂತ ನೀವೇ ಹೇಳಬೇಕಿತ್ತು. ಭತ್ತಕ್ಕಿಂತ ದೊಡ್ಡದಾಗಿರೋದಕ್ಕೆ ಅದೂ ಒಂದು ಕಾರಣ.

ಮಿಕ್ಸಿ ಉದಾಹರಣೆ ನಾಟಿತು, ಒಪ್ತೀನಿ. ಆದರೆ ಎರಡು ಪ್ರಶ್ನೆ ಉಳೀತು. ಅಕ್ಷರ ಯಾವುದಾದರೂ ಸರಿ, ಉದ್ದ ಮಾತ್ರ ಬೇಕು ಅನ್ನೋ ಕೆಲಸ ಇರಬಾರದಾ? ಎರಡು ಕಂಬದ ನಡುವೆ ಇಷ್ಟು ಅಡಿ ಅಂತರ ಬೇಕು ಅಂದರೆ ನಡುವೆ ಕಲ್ಲಿದ್ದರೂ ಆಯ್ತು, ಮಣ್ಣಿದ್ದರೂ ಆಯ್ತು. ಅಂಥ ಜಾಗ ಶೇ. 8.2ರ ಲೆಕ್ಕಕ್ಕೆ ಸಿಗೋದೇ ಇಲ್ಲ. ಎರಡನೇದು, ಮನುಷ್ಯನಲ್ಲಿ ಮಾತ್ರ ಹೊಸದಾಗಿ ಹುಟ್ಟಿದ ಕೆಲಸವನ್ನ ಇಲಿಯ ಜೊತೆ ಹೋಲಿಸಿ ಹಿಡಿಯೋದು ಹೇಗೆ?

ಜಕ್ಕೂರು_ಲ್ಯಾಬ್
ಎರಡೂ ಒಳ್ಳೇ ಪ್ರಶ್ನೆ, ತಳ್ಳಿಹಾಕಲ್ಲ. ಬರೀ ಉದ್ದಕ್ಕೆ ಬೆಲೆ ಇರೋ ಜಾಗಗಳು ಖಂಡಿತ ಇವೆ. ಜೀನೋಮ್ ದೊಡ್ಡದಾದರೆ ಕೋಶಕೇಂದ್ರ ದೊಡ್ಡದಾಗುತ್ತೆ, ಕೋಶವೂ ದೊಡ್ಡದಾಗುತ್ತೆ, ಅದೂ ಒಂದು ಪರಿಣಾಮವೇ. ಹೊಸದಾಗಿ ಹುಟ್ಟಿದ ಕೆಲಸಗಳನ್ನ ಸೇರಿಸಿದರೆ 8.2 ಸ್ವಲ್ಪ ಮೇಲೆ ಹೋಗಬಹುದು. ಗ್ರಾವರ್ ಅವರೇ 2017ರಲ್ಲಿ ಶೇ. 25ರವರೆಗೆ ಬಾಗಿಲು ತೆರೆದಿಟ್ಟರು. ನನ್ನ ಅಂದಾಜು ಹತ್ತು ಹದಿನೈದರ ಆಸುಪಾಸು. ಎಂಬತ್ತು ಮಾತ್ರ ಅಲ್ಲ.

ಅಳಿಸಿ ನೋಡಿದವರೂ ಇದ್ದಾರೆ. ಹತ್ತಿರದಲ್ಲಿ ಒಂದೂ ಜೀನ್ ಇಲ್ಲದ ಎರಡು ದೊಡ್ಡ ತುಂಡುಗಳನ್ನ, ಒಂದು ಸುಮಾರು 15 ಲಕ್ಷ ಅಕ್ಷರದ್ದು, ಇನ್ನೊಂದು 8 ಲಕ್ಷದ್ದು, ಇಲಿಗಳಲ್ಲಿ ಕತ್ತರಿಸಿ ತೆಗೆದರು. 2004ರಲ್ಲಿ ಪ್ರಕಟವಾಯ್ತು. ಇಲಿಗಳು ಹುಟ್ಟಿದವು, ಬೆಳೆದವು, ಮರಿ ಹಾಕಿದವು, ವ್ಯತ್ಯಾಸ ಕಾಣಲಿಲ್ಲ. ಪಂಜರದಲ್ಲಿ ಹೊತ್ತಿಗೆ ಸರಿಯಾಗಿ ಕಾಳು ತಿನ್ನೋ ಇಲಿಗೆ ಬೇಡದ್ದು ಹೊಲದ ಇಲಿಗೆ ಬೇಕಾಗಬಹುದು ಅಂತ ನೀವು ಕೇಳೋ ಮೊದಲೇ ಹೇಳಿಬಿಡ್ತೀನಿ, ಆ ಆಕ್ಷೇಪ ನ್ಯಾಯವಾದದ್ದು.

ಮಲ್ಲೇಶ್ವರ_ಓದುಗ
ಕೋರ್ಟಿನಲ್ಲಿ ತಂದೆ ಯಾರು ಅಂತ ನೋಡೋ ಡಿಎನ್‌ಎ ಪರೀಕ್ಷೆ ಮಾಡೋದು ಈ ಭಾಗದ ಮೇಲೇನಾ?

ಜಕ್ಕೂರು_ಲ್ಯಾಬ್
ಹೌದು, ಮುಖ್ಯವಾಗಿ ಪ್ರೋಟೀನ್ ಬರೆಯದ ಕಡೆ ಒಂದೇ ಪದ ಮತ್ತೆ ಮತ್ತೆ ಬರೋ ಜಾಗಗಳ ಮೇಲೆ. ಅಲ್ಲಿ ಎಷ್ಟು ಸಲ ಬಂದರೂ ದೇಹಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ, ಅದಕ್ಕೇ ಒಬ್ಬರಿಂದೊಬ್ಬರಿಗೆ ಇಷ್ಟು ವ್ಯತ್ಯಾಸ. ನಮ್ಮ ದೇಶದಲ್ಲಿ ಇದನ್ನ ಬೆಳೆಸಿದವರು ಹೈದರಾಬಾದಿನ ಸಿಸಿಎಂಬಿ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿದ್ದ ಲಾಲ್‌ಜಿ ಸಿಂಗ್. ಅವರ ಕೈಗೆ ಸಿಕ್ಕ ಸುಳಿವು ಕಟ್ಟುಹಾವಿನ ಡಿಎನ್‌ಎಯ ಒಂದು ಪುನರಾವರ್ತನೆಯಿಂದ ಬಂದದ್ದು.

ಇಬ್ಬರು_ಮಕ್ಕಳ_ಅಮ್ಮ
ನಾನು ವಿಜ್ಞಾನ ಓದಿದವಳಲ್ಲ. ಎಲ್ಲರೂ ಬರೆದದ್ದನ್ನ ಎರಡು ಸಲ ಓದಿದೆ. ಒಂದು ವಿಷಯ ಹೇಳಲೇಬೇಕು ಅನ್ನಿಸ್ತು.

ನನ್ನ ದೊಡ್ಡ ಮಗನಿಗೆ ಥಲಸ್ಸೀಮಿಯಾ ಮೇಜರ್, ಅಪ್ಪ ಅಮ್ಮನಿಂದ ಬರೋ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಆ ರಕ್ತದಿಂದ ಮೈಯಲ್ಲಿ ಸೇರೋ ಕಬ್ಬಿಣ ಇಳಿಸಕ್ಕೆ ದಿನಾ ಮಾತ್ರೆ. ಅವನು ಹೊಟ್ಟೆಯಲ್ಲಿದ್ದಾಗಲೇ ನನ್ನ ರಕ್ತಪರೀಕ್ಷೆಯಲ್ಲಿ ಮೈನರ್ (ನನಗೆ ತೊಂದರೆ ಇಲ್ಲ, ಮಗುವಿಗೆ ದಾಟಿಸಬಹುದು) ಅಂತ ಬಂದಿತ್ತು, ಆಮೇಲೆ ನಮ್ಮ ಯಜಮಾನರದ್ದೂ ಹಾಗೇ ಬಂತು. ಡಿಎನ್‌ಎ ವರದಿಯಲ್ಲಿ 'ಐವಿಎಸ್ 1-5' ಅಂತ ಒಂದು ಸಾಲಿತ್ತು. ವರದಿ ಕೈಗೆ ಕೊಟ್ಟವರನ್ನ ಇದೇನು ಅಂತ ಕೇಳಿದೆ. "ಇದು ಜೀನಿನ ಕೋಡ್ ಮಾಡದ ಭಾಗದಲ್ಲಿದೆ ಅಮ್ಮ, ಅಲ್ಲಿ ಇರೋದೆಲ್ಲ ಜಂಕು, ತಲೆ ಕೆಡಿಸ್ಕೋಬೇಡಿ" ಅಂದರು. ನಾನು ಆ ಮಾತು ನಂಬಿ, ಆ ಹಾಳೆಯನ್ನ ಮಡಿಸಿ ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟೆ. ಡಾಕ್ಟರಿಗೆ ತೋರಿಸಲೇ ಇಲ್ಲ. ಮಗು ಆರು ತಿಂಗಳಿಗೆ ಬಿಳಿಚಿಕೊಂಡು ಹಾಲು ಕುಡಿಯೋದು ಬಿಟ್ಟಾಗ ಆ ಹಾಳೆ ಮತ್ತೆ ಹೊರಗೆ ಬಂತು.

ಎರಡನೇ ಸಲ ಹನ್ನೊಂದನೇ ವಾರದಲ್ಲೇ ಮಾಸಿನ ಚೂರು ತೆಗೆದು ಪರೀಕ್ಷೆ ಮಾಡಿಸಿದೆವು. ಮಗಳು ನನ್ನ ಹಾಗೆ ಮೈನರ್, ಆರೋಗ್ಯವಾಗಿದ್ದಾಳೆ. ನೀವು ಎಂಟೋ ಎಂಬತ್ತೋ ಅಂತ ಮಾತಾಡಿ, ತಪ್ಪಿಲ್ಲ. ಆದರೆ 'ಕಸ' ಅನ್ನೋ ಆ ಒಂದು ಮಾತಿನಿಂದ ನಮ್ಮ ಮನೆಯಲ್ಲಿ ಏನಾಯ್ತು ಅಂತ ಗೊತ್ತಿರಲಿ ಅಂತ ಬರೆದೆ.

ರಾಜಾಜಿನಗರ_ಬಯಾಲಜಿ
ಅಮ್ಮ, ಏನು ಬರೆಯಬೇಕು ಅಂತ ತೋಚ್ತಿಲ್ಲ. ನನ್ನ ನೋಟ್ಸಿನಲ್ಲಿ ಇರೋದೂ ಅದೇ ಪದ. ನನ್ನ ಹತ್ತಿರ ಓದಿದ ಎಷ್ಟು ಮಕ್ಕಳು ಈಗ ಲ್ಯಾಬುಗಳಲ್ಲಿ ಕೆಲಸ ಮಾಡ್ತಿದ್ದಾರೋ.

ಜಕ್ಕೂರು_ಲ್ಯಾಬ್
ಅಮ್ಮ, ನಿಮಗೆ ಹೇಳಿದ್ದು ಪೂರ್ತಿ ತಪ್ಪು. ನಮ್ಮ ದೇಶದ ಬೀಟಾ ಥಲಸ್ಸೀಮಿಯಾದಲ್ಲಿ ಅತಿ ಹೆಚ್ಚಾಗಿ ಕಾಣೋ ದೋಷವೇ ಅದು.

ಅದು ಹೇಗೆ ಕೆಡಿಸುತ್ತೆ ಅಂತ ಬರೀತೀನಿ, ಮೇಡಂಗೂ ಪಾಠಕ್ಕೆ ಬೇಕಾಗುತ್ತೆ. ಜೀನ್ ಒಂದೇ ಅಖಂಡ ಸಾಲಲ್ಲ. ನಡುನಡುವೆ ಇಂಟ್ರಾನ್ ಅನ್ನೋ ತುಂಡುಗಳಿವೆ. 1977ರಲ್ಲಿ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ತಂಡಗಳು ಕಂಡುಹಿಡಿದವು. ನಕಲು ಆದಮೇಲೆ ಕೋಶ ಅವನ್ನ ಕತ್ತರಿಸಿ, ಉಳಿದದ್ದನ್ನ ಜೋಡಿಸುತ್ತೆ. ಎಲ್ಲಿ ಕತ್ತರಿ ಹಾಕಬೇಕು ಅನ್ನೋ ಗುರುತು ಇರೋದು ಇಂಟ್ರಾನಿನ ತುದಿಯಲ್ಲಿ. ಟೈಲರ್ ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ಇದ್ದ ಹಾಗೆ. ಆ ಗೆರೆ ಅಂಗಿಯ ಭಾಗ ಅಲ್ಲ, ಆದರೆ ಅದು ಅಳಿಸಿಹೋದರೆ ತೋಳು ಎಲ್ಲೋ ಕತ್ತರಿಸುತ್ತೆ. ರಕ್ತದ ಹಿಮೋಗ್ಲೋಬಿನ್ನಿನ ಒಂದು ಭಾಗವನ್ನ ಬರೆಯೋ ಬೀಟಾ ಗ್ಲೋಬಿನ್ ಜೀನಿನ ಮೊದಲ ಇಂಟ್ರಾನಿನ ಐದನೇ ಅಕ್ಷರ ಜಿ ಇರಬೇಕಾದದ್ದು ಸಿ ಆದರೆ ಕತ್ತರಿ ಬಹಳ ಸಲ ತಪ್ಪು ಜಾಗಕ್ಕೆ ಬೀಳುತ್ತೆ. ಸರಿಯಾದ ಗ್ಲೋಬಿನ್ ತೀರಾ ಕಡಿಮೆ ತಯಾರಾಗುತ್ತೆ. 310 ಕೋಟಿಯಲ್ಲಿ ಒಂದು ಅಕ್ಷರ.

ಇನ್ನೊಂದು ಸಂಗತಿ. 2023ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಥಲಸ್ಸೀಮಿಯಾಕ್ಕೂ ಸಿಕಲ್ ಸೆಲ್ ಅನ್ನೋ ಇನ್ನೊಂದು ರಕ್ತದ ಕಾಯಿಲೆಗೂ ಒಪ್ಪಿಗೆ ಸಿಕ್ಕಿದ ಕ್ರಿಸ್ಪರ್ (ಡಿಎನ್‌ಎಯನ್ನ ಬೇಕಾದ ಕಡೆ ಕತ್ತರಿಸೋ) ಚಿಕಿತ್ಸೆ ಇದೆ, ಕ್ಯಾಸ್‌ಜೆವಿ ಅಂತ. ಅದು ಕತ್ತರಿಸೋದೂ ಪ್ರೋಟೀನ್ ಬರೆಯದ ಒಂದು ಜಾಗವನ್ನೇ. ಬಿಸಿಎಲ್11ಎ ಅನ್ನೋ ಜೀನಿನ ಇಂಟ್ರಾನಿನ ಒಳಗೆ ಒಂದು ಸ್ವಿಚ್ ಇದೆ, ಆ ಜೀನನ್ನ ಕೆಂಪುರಕ್ತದ ಕೋಶಗಳಲ್ಲಿ ಚಾಲೂ ಇಡೋದು ಅದು. ಅದನ್ನ ಕೆಡಿಸಿದರೆ, ಹೊಟ್ಟೆಯಲ್ಲಿದ್ದಾಗ ಮಗು ಬಳಸ್ತಿದ್ದ ಹಿಮೋಗ್ಲೋಬಿನ್ ಮತ್ತೆ ತಯಾರಾಗಕ್ಕೆ ಶುರುವಾಗುತ್ತೆ. ಖರ್ಚು ಈಗ ನಮ್ಮಂಥವರ ಕೈಗೆ ಎಟುಕೋದಲ್ಲ, ಸುಳ್ಳು ಆಸೆ ಹುಟ್ಟಿಸಲ್ಲ. ದೋಷ ಇರೋದೂ ಅಲ್ಲಿ, ಮದ್ದು ಹಾಕೋದೂ ಅಲ್ಲಿ ಅಂತ ತಿಳಿಸಕ್ಕೆ ಬರೆದೆ.

ಹಾಗಂತ ವಿಜಯನಗರ ಸರ್, ಇದರಿಂದ ಇಂಟ್ರಾನ್ ಪೂರ್ತಿ ಬೇಕು ಅಂತಾಗಲ್ಲ. ಐದನೇ ಅಕ್ಷರ ಬೇಕು. ಅದೇ ಇಂಟ್ರಾನಿನ ನಡುವಿನ ಎಷ್ಟೋ ಅಕ್ಷರ ಬದಲಾದರೂ ಏನೂ ಆಗಲ್ಲ. ಒಂದೊಂದು ಜಾಗಕ್ಕೂ ಪ್ರತ್ಯೇಕವಾಗಿ ಸಾಬೀತು ಮಾಡಬೇಕು, ಅದು ತಾಳ್ಮೆಯ ಕೆಲಸ. ಇಲ್ಲೇ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಎಂ.ಆರ್.ಎಸ್. ರಾವ್ ಅವರು ಇಲಿಯ ಒಂದು ಜೀನಿನ ಇಂಟ್ರಾನಿನೊಳಗಿಂದ ಹೊರಡೋ ಆರ್‌ಎನ್‌ಎ ಹಿಡಿದರು. ಮರ್ಲ್ ಅಂತ ಕರೀತಾರೆ. ಅದು ಪ್ರೋಟೀನ್ ಮಾಡಲ್ಲ. 2004ರಲ್ಲಿ ಮೊದಲ ವರದಿ ಬಂತು. ವೀರ್ಯಾಣು ತಯಾರಾಗೋ ಹಾದಿಯಲ್ಲಿ ಅದು ಏನು ಮಾಡುತ್ತೆ ಅಂತ ಬಿಡಿಸ್ತಾ ಬಿಡಿಸ್ತಾ ವರ್ಷಗಟ್ಟಲೆ ಕಳೆದರು. 2023ರಲ್ಲಿ ತೀರಿಕೊಂಡರು. ಒಂದೇ ಒಂದು ಆರ್‌ಎನ್‌ಎಗೆ ಅಷ್ಟು ದುಡಿಮೆ. ಒಂದು ಪಟ್ಟಿ ಮಾಡಿ "ಶೇ. 80" ಅಂತ ಘೋಷಿಸೋದು ನನಗೆ ಸಹಿಸಕ್ಕಾಗದೇ ಇರೋದು ಅದಕ್ಕೇ.

ಬಸವನಗುಡಿ_ನಿವೃತ್ತ_ಕನ್ನಡ_ಮೇಷ್ಟ್ರು
ವಿಜ್ಞಾನ ನನ್ನ ಕ್ಷೇತ್ರವಲ್ಲ, ಪದ ನನ್ನ ಕ್ಷೇತ್ರ. 'ಜಂಕ್' ಎಂಬುದನ್ನು 'ಕಸ' ಎಂದು ಅನುವಾದಿಸಿದ್ದು ಯಾರು? ಕಸ ಎಂದರೆ ಗುಡಿಸಿ ಬೆಳಿಗ್ಗೆ ಗಾಡಿಗೆ ಹಾಕುವುದು. ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ.

ನಮ್ಮ ಹಳೆಯ ಮನೆಯಲ್ಲಿ ಅಟ್ಟವಿತ್ತು. ಏಣಿ ಹಾಕಿ ಹತ್ತಬೇಕು, ಬಗ್ಗಿಕೊಂಡೇ ಓಡಾಡಬೇಕು. ಕಲಾಯಿ ಹೋದ ಹಂಡೆ, ಹಿಡಿ ಮುರಿದ ಕೊಡೆ, ನಮ್ಮಪ್ಪನ ಕಾಲದ ಟ್ರಂಕು, ಒಂದೇ ಅಳತೆಯ ಖಾಲಿ ಡಬ್ಬಗಳು ಇಪ್ಪತ್ತೋ ಮೂವತ್ತೋ. ಯಾವುದೂ ಬಳಕೆಯಲ್ಲಿರಲಿಲ್ಲ, ಯಾರಿಗೂ ತೊಂದರೆಯನ್ನೂ ಕೊಡುತ್ತಿರಲಿಲ್ಲ, ಆದ್ದರಿಂದ ಇದ್ದವು. ನನ್ನ ಮೊಮ್ಮಗಳು ಹುಟ್ಟಿದಾಗ ಅಲ್ಲಿಂದಲೇ ತೊಟ್ಟಿಲು ಇಳಿಸಿ, ಸರಪಳಿಗೆ ಎಣ್ಣೆ ಹಾಕಿ ತೂಗಿದೆವು. ಹಾಗೆಂದು ಮುರಿದ ಕೊಡೆಗೆ ಉಪಯೋಗ ಬಂದಂತಾಗಲಿಲ್ಲ.

'ಅಟ್ಟದ ಸಾಮಾನು' ಎನ್ನಬಹುದಲ್ಲವೆ?

ಜಕ್ಕೂರು_ಲ್ಯಾಬ್
ಸರ್, ಸಿಡ್ನಿ ಬ್ರೆನರ್ ಅನ್ನೋ ವಿಜ್ಞಾನಿ ಇದೇ ಭೇದವನ್ನ ಮಾಡಿದ್ದರು: ಎಸೆಯೋದು ಬೇರೆ, ಇಟ್ಟುಕೊಳ್ಳೋದು ಬೇರೆ, ಜಂಕ್ ಅಂದರೆ ಇಟ್ಟುಕೊಳ್ಳೋದು. ನಿಮ್ಮ ಪದ ನಮ್ಮ ಲ್ಯಾಬಿನಲ್ಲಿ ಇವತ್ತೇ ಬಳಕೆಗೆ ಬಂತು.

ಆ ತೊಟ್ಟಿಲ ಮಾತು ಓದಿ ಮೈ ಜುಂ ಅಂತು. ನಮ್ಮ ಜೀನೋಮಿನ ಶೇ. 8ರಷ್ಟು ಭಾಗ ಯಾವುದೋ ಕಾಲದಲ್ಲಿ ನಮ್ಮ ಪೂರ್ವಜರಿಗೆ ಅಂಟಿದ ವೈರಸ್‌ಗಳ ಅವಶೇಷ. ಬಹುಪಾಲು ಮುರಿದ ಕೊಡೆಗಳೇ. ಆದರೆ ಅದರಲ್ಲಿ ಒಂದು ವೈರಸ್ ಜೀನ್, ಕೋಶಕ್ಕೆ ಕೋಶ ಬೆಸೆಯೋ ಗುಣದ್ದು, ಈಗ ಸಿನ್ಸಿಟಿನ್ ಅನ್ನೋ ಹೆಸರಿನಲ್ಲಿ ತಾಯಿಯ ಮಾಸನ್ನ ಕಟ್ಟಕ್ಕೆ ಬಳಕೆಯಾಗ್ತಿದೆ. ಅಟ್ಟದಿಂದ ಇಳಿಸಿದ್ದು ಮಗುವಿಗೇ ಬಂತು. ಇನ್ನೊಂದು ಕಡೆ ಆಲೂ ಅನ್ನೋ 300 ಅಕ್ಷರದ ತುಣುಕು ಹತ್ತು ಲಕ್ಷಕ್ಕೂ ಹೆಚ್ಚು ಸಲ ನಕಲಾಗಿ ಜೀನೋಮಿನ ಹತ್ತನೇ ಒಂದು ಭಾಗ ತುಂಬಿದೆ. ಅದು ನಿಮ್ಮ ಖಾಲಿ ಡಬ್ಬ.

ವಿಜಯನಗರ_ಕೋಡರ್
ನಾನು ಮೊದಲು ಬರೆದದ್ದರಲ್ಲಿ ಅರ್ಧ ವಾಪಸ್ ತಗೊಳ್ತೀನಿ. ಶೇ. 80 ಬಿಟ್ಟೆ. "ಗೊತ್ತಿಲ್ಲದೆ ಅಳಿಸಬೇಡ" ಅನ್ನೋದನ್ನ ಮಾತ್ರ ಬಿಡಲ್ಲ, ಆ ಅಮ್ಮ ಬರೆದದ್ದು ಓದಿದಮೇಲಂತೂ ಬಿಡಲ್ಲ. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ (ಐಐಎಸ್‌ಸಿ) ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ದೇಶದ 10,000 ಜನರ ಇಡೀ ಜೀನೋಮ್ ಓದಿದರಲ್ಲ, 2025ರ ಜನವರಿಯಲ್ಲಿ ಸಂಶೋಧಕರಿಗೆ ಬಿಟ್ಟರಲ್ಲ, ಅದು ಈಗ ನನಗೆ ಬೇರೆ ಥರ ಕಾಣ್ತಿದೆ. ಬರೀ ಪ್ರೋಟೀನ್ ಭಾಗ ಓದಿದ್ದರೆ ಕಡಿಮೆ ಖರ್ಚಿನಲ್ಲಿ ಮುಗೀತಿತ್ತು. ಅಟ್ಟವನ್ನೂ ಹತ್ತಿ ನೋಡಿದ್ದಾರೆ.

ಜಕ್ಕೂರು_ಲ್ಯಾಬ್
ನೋಡಲೇಬೇಕಿತ್ತು ಸರ್. ನಮ್ಮ ಜನರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಎಂವೈಬಿಪಿಸಿ3 ಅನ್ನೋ ಹೃದಯದ ಜೀನಿನ ಇಂಟ್ರಾನಿನಲ್ಲಿ 25 ಅಕ್ಷರ ಬಿಟ್ಟುಹೋಗಿದೆ. 2009ರಲ್ಲಿ ಇದಕ್ಕೂ ಹೃದಯದ ಸ್ನಾಯು ಸೋಲೋದಕ್ಕೂ ನಂಟಿದೆ ಅಂತ ವರದಿಯಾಯ್ತು. ಆಮೇಲೆ ಕೆಲವರಲ್ಲಿ ಅದೇ ಜೀನಿನ ಇನ್ನೊಂದು ಬದಲಾವಣೆಯೂ ಜೊತೆಗಿರುತ್ತೆ, ಅಪಾಯದಲ್ಲಿ ಅದರ ಪಾಲೆಷ್ಟು ಅನ್ನೋ ಪ್ರಶ್ನೆ ಎದ್ದಿತು. ಯೂರೋಪಿನವರ ಜೀನೋಮ್ ಮಾತ್ರ ಓದ್ತಿದ್ದರೆ ಆ ಪ್ರಶ್ನೆಯೇ ಹುಟ್ತಿರಲಿಲ್ಲ.

ರಾಜಾಜಿನಗರ_ಬಯಾಲಜಿ
ಇವತ್ತು ಕ್ಲಾಸ್ ತಗೊಂಡೆ. ಮೊದಲು ಎಲ್ಲರಿಗೂ ನೋಟ್ಸ್ ತೆಗೆಸಿ ಆ ಸಾಲು ಹೊಡೆದುಹಾಕಿಸಿದೆ. ಅದರ ಜಾಗದಲ್ಲಿ ಬರೆಸಿದ್ದು: "ಪ್ರೋಟೀನ್ ಬರೆಯದ ಡಿಎನ್‌ಎಯಲ್ಲಿ ಸ್ವಲ್ಪ ಭಾಗ ಬಹಳ ಮುಖ್ಯ, ಬಹುಪಾಲು ಅಟ್ಟದ ಸಾಮಾನು, ಯಾವುದು ಯಾವುದು ಅಂತ ಇನ್ನೂ ಹುಡುಕುತ್ತಿದ್ದಾರೆ." 60-70 ದೋಷದ ಲೆಕ್ಕವನ್ನ ವಿಡಿಯೋ ನೋಡಿದ ಹುಡುಗನ ಕೈಲೇ ಬೋರ್ಡ್ ಮೇಲೆ ಮಾಡಿಸಿದೆ. 70ಕ್ಕೆ ಐವತ್ತಾರು ಅಂತ ಬಂದಾಗ ಅವನೇ ಸುಮ್ಮನೆ ನಿಂತು ನೋಡಿದ.

ಆಮೇಲೆ ಅಮ್ಮನವರ ವಿಷಯ, ಯಾರು ಎತ್ತ ಅಂತ ಹೇಳದೆ, ಹೇಳಿದೆ. ತರಗತಿ ಪಿನ್ ಬಿದ್ದರೂ ಕೇಳೋಷ್ಟು ನಿಶ್ಶಬ್ದ. ಕಡ್ಡಿ ಹಿಡಿದಿದ್ದ ಹುಡುಗಿ ಎದ್ದು ನಿಂತು, "ಮದುವೆಗೆ ಮುಂಚೆ ಆ ಪರೀಕ್ಷೆ ಮಾಡಿಸ್ಕೋಬಹುದಾ ಮೇಡಂ, ಎಲ್ಲಿ ಮಾಡ್ತಾರೆ?" ಅಂತ ಕೇಳಿದಳು. ಎಚ್‌ಬಿಎ2 (ಹಿಮೋಗ್ಲೋಬಿನ್ನಿನ ಒಂದು ಬಗೆ) ಅಳೆಯೋ ರಕ್ತಪರೀಕ್ಷೆ, ಮದುವೆಗೆ ಮುಂಚೆಯೇ ಮಾಡಿಸ್ಕೋಬಹುದು ಅಂತ ಬೋರ್ಡ್ ಮೇಲೆ ಬರೆದೆ.

ಅಮ್ಮ, ನಿಮಗೆ ಇಷ್ಟ ಇದ್ದರೆ ಮಾತ್ರ ಕೇಳ್ತೀನಿ. ಒಂದು ಶನಿವಾರ ಬಂದು ಮಕ್ಕಳ ಜೊತೆ ಹತ್ತು ನಿಮಿಷ ಮಾತಾಡ್ತೀರಾ?

ಇಬ್ಬರು_ಮಕ್ಕಳ_ಅಮ್ಮ
ಬರ್ತೀನಿ ಮೇಡಂ. ಈ ಶನಿವಾರ ಮಗನಿಗೆ ರಕ್ತ ಹಾಕಿಸೋದಿದೆ, ಅದರ ಮುಂದಿನ ಶನಿವಾರ ಆಗುತ್ತೆ. ಆ ಹಾಳೆಯನ್ನೂ ತರ್ತೀನಿ. ಮಡಿಕೆ ಬಿದ್ದ ಕಡೆ ಹರಿದಿದೆ, ಆದರೆ ಆ ಸಾಲು ಇನ್ನೂ ಓದಕ್ಕಾಗುತ್ತೆ.